ಮುರಿಯುವ ಮೆಟ್ಟಿಲು ಮಾಡುವ ಬಡಗಕ್ಕ

ಬೆಳಗಿನ ಐದೂವರೆ. ರಂಗಮಂದಿರದ ಹಿಂಬಾಗಿಲ ಬೀಗಕ್ಕೆ ಕೀಲಿ ಹಾಕುವ ಮೊದಲು ಬಡಗಕ್ಕ ಒಮ್ಮೆ ತಿರುಗಿ ನೋಡುತ್ತಾರೆ. ಓಣಿಯಲ್ಲಿ ಯಾರೂ ಇಲ್ಲ. ಒಳಗೆ ಹೋಗಿ ಮರಗೆಲಸದ ಕೋಣೆಯ ದೀಪ ಹಾಕಿ, ಬಾಗಿಲಿನ ಚಿಲಕವನ್ನು ಒಳಗಿನಿಂದ ಜಡಿಯುತ್ತಾರೆ. ನಿನ್ನೆಯೇ ದುಂಡಗೆ ಕೀಸಿಟ್ಟ ಎರಡು ಮರದ ತುಂಡುಗಳು ಮೇಜಿನ ಮೇಲಿವೆ. ಎರಡೂ ಒಂದೇ ಹಲಗೆಯಲ್ಲಿ ಹುಟ್ಟಿದವು. ಒಂದನ್ನು ಮೇಜಿನ ಇಕ್ಕಳದಲ್ಲಿ ಬಿಗಿದು, ತಳಭಾಗಕ್ಕೆ ಸಣ್ಣ ಹಲ್ಲಿನ ಗರಗಸ ಇಟ್ಟು, ಉಸಿರು ಹಿಡಿದು ನಾಲ್ಕು ಸಲ ಎಳೆಯುತ್ತಾರೆ. ನಿಲ್ಲಿಸುತ್ತಾರೆ. ಇನ್ನೆರಡು ಸಲ. ಮತ್ತೆ ನಿಲ್ಲಿಸುತ್ತಾರೆ.

ಆಮೇಲೆ ಮಾಡುವುದನ್ನು ಯಾರಾದರೂ ಕಂಡರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡಾರು. ಕೊಯ್ದ ಜಾಗವನ್ನು ಬಾಯಿಯ ಹತ್ತಿರ ತಂದು, ಕೆಳತುಟಿಯನ್ನು ಅದಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಒಳಗೆ ಎಷ್ಟು ಮರ ಉಳಿದಿದೆ, ಒತ್ತಿದರೆ ಎಷ್ಟು ಬಾಗುತ್ತದೆ ಎಂದು ತುಟಿಯಿಂದ ಕೇಳುತ್ತಾರೆ. ಮೊದಲೆಲ್ಲ ಈ ಕೆಲಸವನ್ನು ಬಲಗೈಯ ಹೆಬ್ಬೆರಳು ಮಾಡುತ್ತಿತ್ತು. ಮೂರು ತಿಂಗಳಿಂದ ಆ ಬೆರಳಿಗೆ ಏನೂ ತಿಳಿಯುತ್ತಿಲ್ಲ. ಮೊದಲು ಜುಮುಜುಮು ಅಂತಿತ್ತು, ಈಗ ಅದೂ ಇಲ್ಲ.

ಈ ಸಂಗತಿ ಯಾರಿಗೂ ಗೊತ್ತಿಲ್ಲ. ಕೋಳಿ ಕೂಗುವ ಮೊದಲೇ ಬಂದು ಬಾಗಿಲು ಹಾಕಿಕೊಳ್ಳುವ ಬಡಗಕ್ಕನ ಶಿಸ್ತನ್ನು ಇಡೀ ತಂಡ ಹೊಗಳುತ್ತದೆ. ಶಿಸ್ತೂ ಇಲ್ಲ, ಗಿಸ್ತೂ ಇಲ್ಲ. ಹೆದರಿಕೆ, ಅಷ್ಟೇ. ತುಟಿಯಲ್ಲಿ ಮರ ಮುಟ್ಟಿ ನೋಡುವ ಬಡಗಿಯನ್ನು ನಂಬಿ ಯಾರು ತಾನೇ ಏಣಿ ಹತ್ತುತ್ತಾರೆ?

ಬಡಗಕ್ಕನಿಗೆ ಐವತ್ತೆಂಟು ವರ್ಷ. ಇಪ್ಪತ್ತಾರು ವರ್ಷಗಳಿಂದ ಇದೇ ರಂಗಮಂದಿರದಲ್ಲಿ ಕುರ್ಚಿ, ಕಿಟಕಿ, ಸಿಂಹಾಸನ, ಬಾವಿಕಟ್ಟೆ, ಒಮ್ಮೆ ಅರ್ಧ ಹಡಗು ಕೂಡ ಮಾಡಿಕೊಟ್ಟಿದ್ದಾರೆ. ಪ್ರೇಕ್ಷಕರ ಪೈಕಿ ಒಬ್ಬರಿಗೂ ಅವರ ಮುಖದ ಪರಿಚಯವಿಲ್ಲ. ಈಗ ನಡೆಯುತ್ತಿರುವ ನಾಟಕದ ಹೆಸರು ‘ಏಳನೆಯದು ಬಿಟ್ಟು’. ಒಟ್ಟು ನಲವತ್ತು ಪ್ರದರ್ಶನ ಎಂದು ಗೋಡೆಗೆ ಅಂಟಿಸಿದ್ದಾರೆ. ಇವತ್ತು ಮೂವತ್ತೆಂಟನೆಯದು, ಮಧ್ಯಾಹ್ನ ಮೂರಕ್ಕೆ.

ಕತೆ ಸರಳ. ಒಂದು ಮನೆಯಲ್ಲಿ ಅಟ್ಟಕ್ಕೆ ಹೋಗುವ ಏಣಿಯಿದೆ, ಹನ್ನೆರಡು ಮೆಟ್ಟಿಲು. ಏಳನೆಯದರ ಮೇಲೆ ಕಾಲಿಡಬಾರದು ಎಂದು ಮನೆಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುತ್ತ ಬಂದಿದ್ದಾರೆ. ಏಕೆಂದು ಯಾರೂ ಕೇಳುವುದಿಲ್ಲ. ಕೊನೆಯ ದೃಶ್ಯದಲ್ಲಿ ಸೊಸೆ ಬೇಕೆಂದೇ ಅದರ ಮೇಲೆ ಕಾಲಿಡುತ್ತಾಳೆ, ಮೆಟ್ಟಿಲು ಮುರಿಯುತ್ತದೆ, ಬೀಳುತ್ತಾಳೆ. ಕತ್ತಲಾಗುತ್ತದೆ. ಅದು ನಿಜವಾಗಿಯೂ ಮುರಿಯಬೇಕು, ನಿಜವಾದ ಸದ್ದೇ ಬರಬೇಕು ಎಂದು ನಿರ್ದೇಶಕರ ಹಟ. ಹಾಗಾಗಿ ಪ್ರದರ್ಶನಕ್ಕೊಂದು ಹೊಸ ಮೆಟ್ಟಿಲು ಬೇಕು.

ಒಂದಲ್ಲ, ಎರಡು. ಎರಡನ್ನೂ ಒಂದೇ ಆಳಕ್ಕೆ ಕೊಯ್ದು, ಒಂದನ್ನು ಎರಡು ಸ್ಟೂಲಿನ ನಡುವೆ ಇಟ್ಟು, ಸೊಸೆಯ ತೂಕದಷ್ಟು ಮರಳಿನ ಚೀಲ ನೇತುಹಾಕಿ ಮುರಿದು ನೋಡುತ್ತಾರೆ. ಇವತ್ತಿನದು ಟಪ್ ಎಂದು ಒಂದೇ ಏಟಿಗೆ ಮುರಿಯುತ್ತದೆ. ಬಡಗಕ್ಕ ತಲೆಯಾಡಿಸುತ್ತಾರೆ. ಉಳಿದದ್ದರ ಸೀಳಿಗೆ ಮೇಣ ಮತ್ತು ಮರದ ಹೊಟ್ಟು ಕಲಸಿ ತುಂಬಿ, ಬಣ್ಣ ಬಳಿದು, ಏಣಿಗೆ ಕೂರಿಸಿ ಬೆಣೆ ಹೊಡೆಯುತ್ತಾರೆ. “ಒಡಹುಟ್ಟಿದವು ಇವು. ಒಂದನ್ನ ಕೊಂದು ಇನ್ನೊಂದರ ಗುಣ ತಿಳ್ಕೋಬೇಕು. ಇದುವರೆಗೂ ಎಪ್ಪತ್ತಾರು ಮಾಡಿದ್ದೀನಿ, ಮುರಿಯೋಕೇ ಅಂತ” ಎನ್ನುತ್ತಾರೆ. ಹೇಳುವಾಗ ನಗು ಬರುವುದಿಲ್ಲ.

ಬರುವುದಾದರೂ ಹೇಗೆ? ಅವರ ಅಪ್ಪ ಏಣಿ ಮಾಡುವವರು. ಸುಣ್ಣ ಬಳಿಯುವವರು, ದೀಪದ ಕಂಬ ಹತ್ತುವವರು, ಪುಸ್ತಕದ ಅಂಗಡಿಯವರು ಎಲ್ಲರೂ ಅವರ ಹತ್ತಿರವೇ ಬರುತ್ತಿದ್ದರು. ಏಣಿ ಮುಗಿದ ಮೇಲೆ ಗಿರಾಕಿಗೆ ಕೊಡುವ ಮೊದಲು ಅಪ್ಪ ಮಗಳನ್ನು ಕೂಗುತ್ತಿದ್ದರು. ಆರು ವರ್ಷದ ಮಗಳು ಒಂದೊಂದೇ ಮೆಟ್ಟಿಲ ಮೇಲೆ ನಿಂತು ಕುಣಿಯಬೇಕು, ಅಪ್ಪ ಕೆಳಗೆ ಎರಡೂ ಕೈ ಚಾಚಿ ನಿಲ್ಲಬೇಕು. “ತನ್ನ ಮಗಳು ನಿಲ್ಲದ ಮೆಟ್ಟಿಲನ್ನ ಇನ್ನೊಬ್ಬರ ಮಕ್ಕಳಿಗೆ ಕೊಡ್ತಿರ್ಲಿಲ್ಲ ನಮ್ಮಪ್ಪ. ಈಗ ಇದ್ದಿದ್ರೆ, ನಾನು ಮಾಡ್ತಿರೋ ಕೆಲಸ ನೋಡಿ ಗರಗಸ ಕಿತ್ಕೊಂಡು ಕಪಾಳಕ್ಕೆ ಬಿಡ್ತಿದ್ರು” ಎಂದು ಬಡಗಕ್ಕ ಕೆನ್ನೆ ಸವರಿಕೊಳ್ಳುತ್ತಾರೆ. ಮೊದಲನೆಯ ಮೆಟ್ಟಿಲು ಕೊಯ್ದ ದಿನ ಊಟ ಸೇರಲಿಲ್ಲವಂತೆ.

ಮೆಟ್ಟಿಲು ತಡವಾಗಿ ಮುರಿದರೆ ನಾಟಕ ಕೆಡುತ್ತದೆ. ಬೇಗ ಮುರಿದರೆ? ಈ ಪ್ರಶ್ನೆಯೇ ಬಡಗಕ್ಕನ ನಿದ್ದೆ ತಿಂದಿರುವುದು. ಕೊನೆಯ ದೃಶ್ಯಕ್ಕೆ ಮೊದಲು ಪರದೆ ಬಿದ್ದಾಗ ಏಣಿಯ ಬುಡದಲ್ಲಿ, ತಗ್ಗು ಗೋಡೆಯ ಮರೆಗೆ, ದಪ್ಪನೆಯ ಹಾಸಿಗೆ ತಂದಿಡುತ್ತಾರೆ. ಅದಕ್ಕೂ ಮುಂಚೆ ಅಲ್ಲಿರುವುದು ಬೀಸುವ ಕಲ್ಲು. ಬಣ್ಣ ಬಳಿದ ರಟ್ಟಿನದಲ್ಲ, ಇಬ್ಬರು ಎತ್ತಬೇಕಾದ ನಿಜವಾದ ಕಲ್ಲು. ಮೊದಲ ದೃಶ್ಯದಲ್ಲಿ ಸೊಸೆ ಆ ಕಲ್ಲಿನ ಪಕ್ಕದಿಂದಲೇ, ಸೊಂಟದಲ್ಲಿ ಪಾತ್ರೆಗಳ ಬುಟ್ಟಿ ಹೊತ್ತು, ಒಂದೇ ಕೈಯಲ್ಲಿ ಏಣಿ ಹಿಡಿದು ಅಟ್ಟಕ್ಕೆ ಹತ್ತುತ್ತಾಳೆ. ಏಳನೆಯದನ್ನು ಬಿಟ್ಟು.

ಇಷ್ಟು ಸಾಲದು ಎಂಬಂತೆ ಇನ್ನೊಂದು. ಏಣಿಯ ತಲೆ ಯಾವುದು ಬುಡ ಯಾವುದು ಗೊತ್ತಾಗಬಾರದು ಎಂದು ನಿರ್ದೇಶಕರು ಮೊದಲೇ ಹೇಳಿದ್ದರು. ತಂಡದಲ್ಲಿ ಅವರನ್ನು ಮೇಷ್ಟ್ರು ಎನ್ನುತ್ತಾರೆ. “ಹತ್ತೋದೂ ಇಳಿಯೋದೂ ಒಂದೇ ಅಂತ ಅದರ ಸಂಕೇತ, ಅಕ್ಕ” ಎಂದರಂತೆ. ಬಡಗಕ್ಕ ಬೇಡ ಮೇಷ್ಟ್ರೇ, ಬುಡ ಸ್ವಲ್ಪ ಅಗಲ ಇರಲಿ ಎಂದರು. ಮೇಷ್ಟ್ರು ಒಪ್ಪಲಿಲ್ಲ. ಹೀಗಾಗಿ ಏಣಿ ಎರಡು ಕಡೆಯಿಂದಲೂ ತದ್ರೂಪ. ತಲೆಕೆಳಗು ನಿಲ್ಲಿಸಿದರೆ ಕೊಯ್ದ ಏಳನೇ ಮೆಟ್ಟಿಲು ಆರನೆಯದಾಗಿ ಕೂರುತ್ತದೆ. ಏಳನ್ನು ದಾಟಬೇಕೆಂದರೆ ಸೊಸೆ ತನ್ನ ಭಾರವನ್ನೆಲ್ಲ ಆರನೆಯದರ ಮೇಲೇ ಊರಬೇಕು.

ಅದಕ್ಕೇ ಬಡಗಕ್ಕ ಯಾರಿಗೂ ಕಾಣದಂತೆ ಏಣಿಯ ಹಿಂಬದಿಯಲ್ಲಿ, ಬುಡದಿಂದ ಒಂದು ಗೇಣು ಮೇಲೆ, ಉಗುರಿನಷ್ಟು ಸಣ್ಣ ಕಚ್ಚು ಹಾಕಿದ್ದಾರೆ. ಪ್ರದರ್ಶನಕ್ಕೆ ಹತ್ತು ನಿಮಿಷ ಮೊದಲು, ಪರದೆಯ ಹಿಂದಿನ ಕತ್ತಲಲ್ಲಿ, ಬಗ್ಗಿ ಹೆಬ್ಬೆರಳು ಆಡಿಸುತ್ತಾರೆ. ಕಚ್ಚು ಸಿಕ್ಕರೆ ಏಣಿ ನೆಟ್ಟಗಿದೆ ಎಂದರ್ಥ. ಬೆರಳು ಕೈಕೊಟ್ಟ ಮೇಲೂ ಆ ಕಚ್ಚು ಮಾತ್ರ ಮಂಜಿನಾಚೆಯ ಮಾತಿನಂತೆ ಒಂದಿಷ್ಟು ಕೇಳಿಸುತ್ತಿತ್ತು. ಹೋದ ವಾರದಿಂದ ಅದೂ ಅನುಮಾನ.

ಮನೆಯಲ್ಲೂ ಹೇಳಿಲ್ಲ. ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಇಡೀ ದಿನ ಸಾಸಿವೆ ಕಾಳಿಗಿಂತ ಸಣ್ಣ ಗಾಲಿಗಳ ಜೊತೆ ಸಂಸಾರ ಮಾಡುವ ಮನುಷ್ಯ. ಮೊನ್ನೆ ಬಡಗಕ್ಕ ಕುದಿಯುವ ಪಾತ್ರೆಯ ಮುಚ್ಚಳ ತೆಗೆದಾಗ ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿದೆ, ಇವರಿಗೆ ಗೊತ್ತೇ ಆಗಿಲ್ಲ. ಯಜಮಾನರು ಬೊಬ್ಬೆ ನೋಡಿದರು, ಮುಲಾಮು ತಂದು ಮೇಜಿನ ಮೇಲಿಟ್ಟರು, ಮತ್ತೆ ಗಡಿಯಾರಕ್ಕೆ ಬಗ್ಗಿದರು. ಒಂದು ಮಾತೂ ಕೇಳಲಿಲ್ಲ. ಸದ್ಯ, ಬಚಾವಾದೆ ಎಂದುಕೊಂಡರು ಬಡಗಕ್ಕ.

ಪ್ರತಿ ಭಾನುವಾರ ನಾಟಕ ಮುಗಿದ ಮೇಲೆ ಪ್ರೇಕ್ಷಕರ ಜೊತೆ ಸಂವಾದ ಇರುತ್ತದೆ. ಶೀರ್ಷಿಕೆಯ ಸಾಂಕೇತಿಕ ಅರ್ಥವೇನು ಎಂದು ಅಲ್ಲಿ ನಡೆಯುವ ಜಟಾಪಟಿ ಕೇಳಬೇಕು. ಏಳನೆಯದು ಸಾವು ಎನ್ನುತ್ತಾರೆ ಒಬ್ಬರು. ಇಲ್ಲ, ಆಸೆ ಎನ್ನುತ್ತಾರೆ ಇನ್ನೊಬ್ಬರು. ಕಾಲೇಜಿನ ಅಧ್ಯಾಪಕರೊಬ್ಬರು ಐದು ಸಲ ನಾಟಕ ನೋಡಿ ಐದು ಅರ್ಥ ಹೇಳಿದ್ದಾರೆ. ಮೇಷ್ಟ್ರು ಗಡ್ಡ ನೀವಿಕೊಂಡು “ನಿಮ್ಮ ಅರ್ಥವೇ ಅರ್ಥ” ಎನ್ನುತ್ತಾರೆ. ಅಷ್ಟು ಹೊತ್ತೂ ಬಡಗಕ್ಕ ಪರದೆಯ ಹಿಂದೆ ಮುರಿದ ಚೂರು ಆರಿಸುತ್ತಿರುತ್ತಾರೆ. ಯಾರ ಕಾಲಿಗೂ ಚುಚ್ಚಬಾರದಲ್ಲ.

“ನನ್ನ ಯಾರೂ ಕೇಳಿಲ್ಲ, ಕೇಳಿದ್ರೆ ಒಂದೇ ಮಾತು ಹೇಳ್ತೀನಿ” ಎನ್ನುತ್ತಾರೆ ಅವರು, ಬಣ್ಣದ ಕುಂಚ ತೊಳೆಯುತ್ತ. “ಅಲ್ಲ, ಇಡೀ ಮನೆಗೆ ಗೊತ್ತು ಮೆಟ್ಟಿಲು ಸರಿಯಿಲ್ಲ ಅಂತ. ಅಜ್ಜಿಗೂ ಗೊತ್ತು, ಅತ್ತೆಗೂ ಗೊತ್ತು. ಒಬ್ಬರಾದ್ರೂ ಒಬ್ಬ ಬಡಗೀನ ಕರೆಸಬಾರದಿತ್ತಾ? ಅರ್ಧ ಗಂಟೆ ಕೆಲಸ ರೀ ಅದು!”

ಮಧ್ಯಾಹ್ನ ಎರಡಕ್ಕೆ ಏಣಿಯನ್ನು ರಂಗದ ಮೇಲೆ ಸಾಗಿಸುತ್ತಾರೆ. ಸಾಗಿಸುವವರು ಇಬ್ಬರು ಅಣ್ಣತಮ್ಮಂದಿರು, ಗಿಡ್ಡಣ್ಣ ಮತ್ತು ಉದ್ದಣ್ಣ. ಹೆಸರಿಗೆ ತಕ್ಕ ಆಕಾರ. ಮೂವತ್ತೇಳು ದಿನವೂ ಗಿಡ್ಡಣ್ಣ ಮುಂದೆ, ಉದ್ದಣ್ಣ ಹಿಂದೆ. ಇವತ್ತು ಉದ್ದಣ್ಣನ ಸೊಂಟ ಹಿಡಿದಿದೆ, ಮುಂದಿನ ತುದಿ ನಾನೇ ಹಿಡಿಯುತ್ತೇನೆ ಎಂದು ಜಾಗ ಬದಲಿಸಿಕೊಳ್ಳುತ್ತಾನೆ. ಬಾಗಿಲ ಹತ್ತಿರ ಸುತ್ತಿ ತಿರುಗುವಾಗ ಏಣಿ ಯಾವ ಕಡೆಯಿಂದ ಯಾವ ಕಡೆಗೆ ಹೊರಳಿತೋ ದೇವರಿಗೇ ಗೊತ್ತು. ಬಡಗಕ್ಕ ಆಗ ಮರಳಿನ ಚೀಲ ಕಟ್ಟಿಡುತ್ತಿರುತ್ತಾರೆ.

ಮೂರಕ್ಕೆ ಹತ್ತು ನಿಮಿಷ. ಪರದೆಯಾಚೆ ಜನ ಕೂರುವ ಗುಜುಗುಜು. ಬಡಗಕ್ಕ ಕತ್ತಲಲ್ಲಿ ಬಗ್ಗಿ ಹೆಬ್ಬೆರಳು ಆಡಿಸುತ್ತಾರೆ. ಕಚ್ಚು ಸಿಗುವುದಿಲ್ಲ. ಇನ್ನೊಮ್ಮೆ. ಇಲ್ಲ. ಅಯ್ಯೋ, ಪೂರ್ತಿ ಸತ್ತೇಹೋಯ್ತಲ್ಲ ಈ ಬೆರಳು ಎಂದುಕೊಳ್ಳುತ್ತಾರೆ. ಎಡಗೈ ಇಲ್ಲವೇ? ಇದೆ. ಮೊಣಕಾಲೂರಿ ತುಟಿ ಇಟ್ಟು ನೋಡಬಹುದಲ್ಲ? ನೋಡಬಹುದು. ಆದರೆ ಪಕ್ಕದಲ್ಲೇ ಗಿಡ್ಡಣ್ಣ ಪರದೆಯ ಹಗ್ಗ ಹಿಡಿದು ನಿಂತಿದ್ದಾನೆ.

“ಯಾಕಕ್ಕ, ಸರಿಯಿದ್ಯಾ?” ಎಂದು ಅವನು ಪಿಸುಗುಡುತ್ತಾನೆ.

“ಸರಿಯಿದೆ ಬಿಡು” ಎನ್ನುತ್ತಾರೆ ಬಡಗಕ್ಕ.

ಬೆರಳಿನ ಗುಟ್ಟು ಬಯಲಾಗಬಾರದೆಂದು ಬಾಯಿಗೆ ಬಂದ ಮಾತು ಅದು. ತಪ್ಪು ಏಣಿಯಲ್ಲಿರಬಹುದು ಎಂದು ಅವರಿಗೆ ಹೊಳೆಯುವುದೇ ಇಲ್ಲ. ತಪ್ಪೆಲ್ಲ ತನ್ನ ಬೆರಳಿನದೇ ಎಂದು ನಂಬಿ, ಸೈಡ್ ವಿಂಗಿನ ತಮ್ಮ ಸ್ಟೂಲಿನ ಮೇಲೆ ಹೋಗಿ ಕೂರುತ್ತಾರೆ.

ಪರದೆ ಏಳುತ್ತದೆ. ಅತ್ತೆ ಧಾನ್ಯ ಬೀಸುತ್ತಿದ್ದಾರೆ, ಸೊಸೆ ಹೊಸದಾಗಿ ಮನೆಗೆ ಬಂದಿದ್ದಾಳೆ. ಈ ತಂಡದಲ್ಲಿ ನಾಟಕ ಮುಗಿಯುವವರೆಗೆ ಪಾತ್ರದ ಹೆಸರಲ್ಲೇ ಕೂಗುವುದು ರೂಢಿ, ಹಾಗಾಗಿ ಹೊರಗೂ ಅವರು ಅತ್ತೆ, ಸೊಸೆಯೇ. ಅತ್ತೆ ನಲವತ್ತು ವರ್ಷದಿಂದ ಬಣ್ಣ ಹಚ್ಚಿದವರು. ಸೊಸೆಗಿನ್ನೂ ಇಪ್ಪತ್ನಾಲ್ಕು. ದಿನಾ ಏಣಿ ಹತ್ತುವ ಮೊದಲು ಬಡಗಕ್ಕನ ಕಡೆ ತಿರುಗಿ ಒಂದು ಸಲ ಕಣ್ಣು ಮಿಟುಕಿಸುತ್ತಾಳೆ, ಪ್ರೇಕ್ಷಕರಿಗೆ ಕಾಣದಂತೆ. ಇವತ್ತೂ ಮಿಟುಕಿಸುತ್ತಾಳೆ.

“ಆರರಿಂದ ಎಂಟಕ್ಕೆ ಕಾಲಿಡು. ಏಳನೆಯದು ಬಿಟ್ಟು” ಎಂಬ ಅತ್ತೆಯ ಮಾತಿಗೆ ದೀಪಗಳು ಜೋರಾಗುತ್ತವೆ. ಬೆಳಿಗ್ಗೆ ಬಳಿದ ಬಣ್ಣ ಇನ್ನೂ ಹಸಿ, ಹೊಸ ಮೆಟ್ಟಿಲು ಬೆಳಕಿಗೆ ಸಣ್ಣಗೆ ಮಿಂಚುತ್ತದೆ. ದಿನಾ ಆ ಮಿಂಚು ಹಿಂದಿನ ಗೋಡೆಯ ಕಪಾಟಿನ ಮೇಲಿರುವ ಮೂರು ಜಾಡಿಗಳಿಗೆ ಸಮನಾಗಿ ಕಾಣಬೇಕು. ಇವತ್ತು ಜಾಡಿಗಳ ಕೆಳಗೆ, ಕಪಾಟಿಗಿಂತಲೂ ಕೆಳಗೆ ಮಿಂಚುತ್ತಿದೆ.

ಬಡಗಕ್ಕ ಬುಡದಿಂದ ಎಣಿಸುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರನೆಯದು ಮಿಂಚುತ್ತಿದೆ. ತಪ್ಪಾಗಿರಬೇಕು ಎಂದು ಮತ್ತೆ ಎಣಿಸುತ್ತಾರೆ. ಆರು. ಕೂಗೋಣ ಎನಿಸುತ್ತದೆ. ಕೂಗಿದರೆ ಹುಡುಗಿ ಬೆಚ್ಚಿ ಕಾಲು ಊರಿಬಿಟ್ಟರೆ ಎಂದು ದಿಗಿಲು. ಸೊಸೆ ಎರಡನೇ ಮೆಟ್ಟಿಲಲ್ಲಿದ್ದಾಳೆ. ಮೂರನೆಯದು. ಕೆಳಗೆ ಬೀಸುವ ಕಲ್ಲು.

ಇಪ್ಪತ್ತಾರು ವರ್ಷದಲ್ಲಿ ಆಟ ನಡೆಯುವಾಗ ಒಮ್ಮೆಯೂ ದಾಟದ ರಂಗದಂಚಿನ ಗೆರೆಯನ್ನು ಬಡಗಕ್ಕ ದಾಟುತ್ತಾರೆ. ಬರಿಗಾಲು, ಮೈತುಂಬ ಮರದ ಹೊಟ್ಟು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು. ಮುನ್ನೂರು ಜನ ನೋಡುತ್ತಿದ್ದಾರೆ ಎಂಬುದು ಅವರ ಗಮನಕ್ಕೇ ಬರುವುದಿಲ್ಲ. ಏಣಿಯ ಹಿಂದೆ ಹೋಗಿ, ಕೈಗೆ ಸಿಕ್ಕ ಪೆಟ್ಟಿಗೆಯ ಮೇಲೆ ಹತ್ತಿ, ಆರನೇ ಮೆಟ್ಟಿಲ ಕೆಳಗೆ ಭುಜ ಕೊಡುವಷ್ಟರಲ್ಲಿ ಸೊಸೆಯ ಕಾಲು ಅದರ ಮೇಲೆ ಬಂದೇಬಿಡುತ್ತದೆ. ಚಿಟ್ ಎಂದು ಸಣ್ಣ ಸದ್ದು. ಅದು ಕೇಳಿಸುವುದು ಇಬ್ಬರಿಗೆ ಮಾತ್ರ. ಭಾರವೆಲ್ಲ ಬಡಗಕ್ಕನ ಭುಜದ ಮೂಳೆಯ ಮೇಲೆ ಕೂರುತ್ತದೆ.

“ಇಳಿ ಮಗಳೇ. ಮೆಲ್ಲಗೆ. ಐದಕ್ಕೆ ಕಾಲಿಡು, ನಾನು ಹಿಡ್ಕೊಂಡಿದ್ದೀನಿ.”

ಮೆಟ್ಟಿಲುಗಳ ಸಂದಿಯಲ್ಲಿ ಎರಡು ಮುಖಗಳು ಒಂದು ಗೇಣು ದೂರದಲ್ಲಿವೆ. ಸೊಸೆಯ ಮುಖ ಬಣ್ಣದ ಒಳಗೇ ಬಿಳಿಚಿಕೊಳ್ಳುತ್ತದೆ. ಅವಳು ಬುಟ್ಟಿ ಬಿಡದೆ, ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಅತ್ತೆ ಎಷ್ಟಾದರೂ ಹಳೇ ಹುಲಿ. ಪಾತ್ರ ಬಿಡದೆ ಎದ್ದುನಿಂತು ಕೇಳುತ್ತಾರೆ, “ಯಾರಮ್ಮ ನೀನು?”

“ಬಡಗಿ” ಎನ್ನುತ್ತಾರೆ ಬಡಗಕ್ಕ. “ಈ ಏಣಿ ಸರಿಯಿಲ್ಲ. ಪರದೆ ಹಾಕ್ರಪ್ಪ!”

ಪರದೆ ಬೀಳುತ್ತದೆ. ಆಚೆಯಿಂದ ಚಪ್ಪಾಳೆ ಮೊಳಗುತ್ತದೆ. ಇದೂ ನಾಟಕವೇ ಎಂದುಕೊಂಡರೋ ಏನೋ, ಪುಣ್ಯಾತ್ಮರು.

ಒಳಗೆ ಸೊಸೆ ಅದೇ ಬೀಸುವ ಕಲ್ಲಿನ ಮೇಲೆ ಕುಸಿದು ಕೂತಿದ್ದಾಳೆ. ಏಣಿ ತಲೆಕೆಳಗಾದದ್ದು ಗೊತ್ತಾದ ಕೂಡಲೇ ಗಿಡ್ಡಣ್ಣ ಅಳುವುದಕ್ಕೇ ಶುರು ಮಾಡುತ್ತಾನೆ. “ನಾನು ಕೇಳ್ದೆ ಅಕ್ಕ. ಸರಿಯಿದ್ಯಾ ಅಂತ ಕೇಳ್ದೆ. ನೀವು ಸರಿಯಿದೆ ಅಂದ್ರಿ.”

“ಹೌದಪ್ಪ. ಅಂದೆ. ತಪ್ಪು ನಿಂದಲ್ಲ” ಎನ್ನುತ್ತಾರೆ ಬಡಗಕ್ಕ. ಉಡುಪು ಹೊಲಿಯುವಾಕೆಯ ಕೊರಳಪಟ್ಟಿಯಿಂದ ಗುಂಡುಸೂಜಿ ಕಿತ್ತು ಎಲ್ಲರೆದುರು ತಮ್ಮ ಹೆಬ್ಬೆರಳಿಗೆ ಚುಚ್ಚಿಕೊಳ್ಳುತ್ತಾರೆ. ರಕ್ತದ ಹನಿ ಮೂಡುತ್ತದೆ. ಮುಖ ಮಾತ್ರ ಮಿಸುಕುವುದಿಲ್ಲ. “ಮೂರು ತಿಂಗಳಾಯ್ತು. ಬೆರಳು ಸತ್ತಿದೆ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಂತ ಹೇಳಿಲ್ಲ. ಮೆಟ್ಟಿಲನ್ನ ತುಟಿ ಇಟ್ಟು ನೋಡ್ತಿದ್ದೆ. ಇವತ್ತು ಕಚ್ಚು ಸಿಗಲಿಲ್ಲ, ಬೆರಳಿಗೆ ಗೊತ್ತಾಗ್ತಿಲ್ಲ ಅಂದ್ಕೊಂಡೆ. ಕಚ್ಚು ಅಲ್ಲಿ ಇರ್ಲೇ ಇಲ್ಲ.”

ಮೇಷ್ಟ್ರು ಏಣಿಯನ್ನೇ ನೋಡುತ್ತ ನಿಂತಿದ್ದಾರೆ. “ಬುಡ ಅಗಲ ಮಾಡ್ತೀನಿ ಅಂತ ನೀವು ಹೇಳಿದ್ರಿ. ಬೇಡ ಅಂದವನು ನಾನು” ಎಂದು ಕೊನೆಗೆ ಹೇಳುತ್ತಾರೆ. ಪ್ರದರ್ಶನ ನಿಲ್ಲಿಸಿಬಿಡೋಣ ಎಂದೂ ಹೇಳುತ್ತಾರೆ. ಆಗ ತಲೆ ಎತ್ತುವವಳು ಸೊಸೆ.

“ಇನ್ನೊಂದು ಮೆಟ್ಟಿಲು ಮಾಡೋಕೆ ಎಷ್ಟು ಹೊತ್ತು ಬೇಕು, ದೊಡ್ಡಮ್ಮ?”

“ಮರ ಇದೆ. ಕೊಯ್ಯೋಕೆ ಹೊತ್ತು ಬೇಡ. ಆದ್ರೆ ನೋಡೋಕೆ ಬೆರಳಿಲ್ಲ.”

“ನಂದಿದೆಯಲ್ಲ” ಎನ್ನುತ್ತಾಳೆ ಅವಳು. “ಬೀಳೋಳು ನಾನು. ನಾನೇ ಮುಟ್ಟಿ ನೋಡ್ತೀನಿ. ಹೇಗೆ ಅಂತ ಹೇಳಿಕೊಡಿ.”

ಪ್ರೇಕ್ಷಕರು ಮುಕ್ಕಾಲು ಗಂಟೆ ಕಾಯುತ್ತಾರೆ. ಮರಗೆಲಸದ ಕೋಣೆಯಲ್ಲಿ ಬಣ್ಣ ಹಚ್ಚಿದ ಮುಖದ ಸೊಸೆ ಕೊಯ್ದ ಸೀಳಿಗೆ ಹೆಬ್ಬೆರಳು ಒತ್ತಿ ನಿಂತಿದ್ದಾಳೆ. ಬಡಗಕ್ಕ ಕೇಳುತ್ತಾರೆ, ಅವಳು ಹೇಳುತ್ತಾಳೆ. ಗಟ್ಟಿ ಕಲ್ಲಿನ ಥರ ಇದೆಯಾ? ಹೂಂ. ಇನ್ನೊಂದು ಎಳೆತ. ಈಗ? ಸ್ವಲ್ಪ ಬಾಗ್ತಿದೆ. ಕಿವಿಯ ತುದಿ ಹಿಡಿದಂಗೆ ಬಾಗ್ತಿದೆಯಾ, ಇಲ್ಲ ಮೂಗಿನ ತುದಿ ಹಿಡಿದಂಗಾ? ಹುಡುಗಿ ತನ್ನ ಮೂಗು ಮುಟ್ಟಿ ನೋಡಿಕೊಂಡು, ಮೂಗು ಎನ್ನುತ್ತಾಳೆ. ಸಾಕು, ಗರಗಸ ತೆಗಿ. ಹೀಗೆ ಎರಡು ಮೆಟ್ಟಿಲು ತಯಾರಾಗುತ್ತವೆ, ಒಂದು ಮರಳಿನ ಚೀಲಕ್ಕೆ ಬಲಿಯಾಗುತ್ತದೆ. ಏಣಿಯನ್ನು ನೆಟ್ಟಗೆ ನಿಲ್ಲಿಸಿದಾಗ ಕಚ್ಚನ್ನು ಗಿಡ್ಡಣ್ಣ, ಉದ್ದಣ್ಣ, ಮೇಷ್ಟ್ರು, ಅತ್ತೆ ಎಲ್ಲರೂ ಸರದಿಯಲ್ಲಿ ಬಂದು ಮುಟ್ಟಿ ಹೋಗುತ್ತಾರೆ.

ನಾಟಕ ಮೊದಲಿನಿಂದ ಶುರುವಾಗುತ್ತದೆ. ಆ ಎರಡು ಗಂಟೆ ಬಡಗಕ್ಕ ಹೇಗೆ ಕೂತಿದ್ದರೋ ಅವರಿಗೇ ನೆನಪಿಲ್ಲ. ಕೊನೆಯ ದೃಶ್ಯದಲ್ಲಿ ಹಾಸಿಗೆ ಬಂತೇ ಎಂದು ಮೂರು ಸಲ ಎದ್ದು ನೋಡುತ್ತಾರೆ. ಸೊಸೆ ಇಳಿಯುತ್ತಾಳೆ. ಹತ್ತು, ಒಂಬತ್ತು, ಎಂಟು. ನಿಲ್ಲುತ್ತಾಳೆ. ಏಳರ ಮೇಲೆ ಕಾಲಿಡುತ್ತಾಳೆ. ಟಪ್! ಕತ್ತಲು. ಆ ಕತ್ತಲಲ್ಲಿ ಹಾಸಿಗೆಯ ಕಡೆಯಿಂದ ಒಂದು ಸಣ್ಣ ದನಿ ಬರುತ್ತದೆ, “ದೊಡ್ಡಮ್ಮ, ಇದ್ದೀನಿ.” ಬಡಗಕ್ಕ ಗಿಡ್ಡಣ್ಣನ ಕೈ ಬಿಡುತ್ತಾರೆ. ಅವನ ಕೈಯಲ್ಲಿ ಇವರ ಐದೂ ಬೆರಳಿನ ಗುರುತು ಮೂಡಿರುತ್ತದೆ.

ಭಾನುವಾರವಾದ್ದರಿಂದ ಸಂವಾದವೂ ಇದೆ. ಅಧ್ಯಾಪಕರು ಎಲ್ಲರಿಗಿಂತ ಮೊದಲು ಎದ್ದುನಿಂತು ಮೈಕು ಹಿಡಿಯುತ್ತಾರೆ. ಮೊದಲ ಸಲ ಬಡಗಿ ಬಂದು ನಾಟಕವನ್ನೇ ತಡೆದದ್ದು ಅದ್ಭುತ, ಶೀರ್ಷಿಕೆಗೆ ಇವತ್ತು ಹೊಸ ಅರ್ಥ ಬಂತು, ಆ ಪಾತ್ರ ಆತ್ಮಸಾಕ್ಷಿಯ ಸಂಕೇತವೇ ಎಂದು ಕೇಳುತ್ತಾರೆ. ನಿಮ್ಮ ಅರ್ಥವೇ ಅರ್ಥ ಎನ್ನಲು ಮೇಷ್ಟ್ರು ಗಡ್ಡಕ್ಕೆ ಕೈ ಹಾಕುತ್ತಾರೆ, ಹಾಗೇ ಇಳಿಸುತ್ತಾರೆ. “ಅವರನ್ನೇ ಕೇಳಿ” ಎಂದು ವಿಂಗಿನ ಕಡೆ ನೋಡುತ್ತಾರೆ.

ಬಡಗಕ್ಕ ಚೂರು ಆರಿಸುತ್ತಿದ್ದ ಕೈಯಲ್ಲೇ ಬಂದು ನಿಲ್ಲುತ್ತಾರೆ. ಮೈಕನ್ನು ಒಂದು ಮೊಳ ದೂರ ಹಿಡಿಯುತ್ತಾರೆ, ಅದೆಲ್ಲಿ ಕಚ್ಚುತ್ತದೋ ಎಂಬಂತೆ.

“ನಂಗೆ ಸಂಕೇತ ಗಿಂಕೇತ ಗೊತ್ತಿಲ್ಲ ಸ್ವಾಮಿ. ಆ ಮನೇಲಿ ಎಲ್ರಿಗೂ ಗೊತ್ತು ಮೆಟ್ಟಿಲು ಸರಿಯಿಲ್ಲ ಅಂತ. ದಾಟ್ಕೊಂಡು ದಾಟ್ಕೊಂಡು ಓಡಾಡ್ತಾರೆ. ನಾನು ಅವರನ್ನ ದಿನಾ ಬೈತಿದ್ದೆ, ಬಡಗೀನ ಕರೀಬಾರ್ದಾ ಅಂತ. ಆದ್ರೆ ನಾನೂ ಹಂಗೇ ಮಾಡ್ದೆ. ನನ್ನ ಬೆರಳು ಸರಿಯಿಲ್ಲ, ಮೂರು ತಿಂಗಳಿಂದ ದಾಟ್ಕೊಂಡು ಓಡಾಡ್ದೆ. ಇವತ್ತು ಈ ಮಗು ಸಾಯ್ತಿತ್ತು.”

ಇಷ್ಟು ಹೇಳಿ ಮೈಕು ವಾಪಸು ಕೊಡುತ್ತಾರೆ. ಅಧ್ಯಾಪಕರು ಕೂರುವುದನ್ನೂ ಮರೆತು ನಿಂತಿದ್ದಾರೆ.

ಮನೆಗೆ ಹೋಗಿ ಯಜಮಾನರೆದುರು ಕೂತು ಹೆಬ್ಬೆರಳು ಚಾಚುತ್ತಾರೆ. ಅವರು ಕಣ್ಣಿನ ಗಾಜು ತೆಗೆಯುತ್ತಾರೆ. “ಗೊತ್ತಿತ್ತು ಕಣೇ. ಗುಂಡಿ ಹಾಕ್ಕೊಳ್ಳೋವಾಗ ನೋಡಿದ್ದೆ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ.” ಬಡಗಕ್ಕನಿಗೆ ಎಲ್ಲಿತ್ತೋ ಸಿಟ್ಟು, “ನಿಮ್ಮ ಕಾಯೋದಕ್ಕೆ ಬೆಂಕಿ ಹಾಕ! ಕೇಳೋಕೇನಾಗಿತ್ತು?” ಎಂದು ರೇಗುತ್ತಾರೆ. ಆಮೇಲೆ ಅಳು ಬರುತ್ತದೆ. ಯಜಮಾನರು ಆ ಬೆರಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ನಂಗೂ ಹೆದರಿಕೆ ಆಗಿತ್ತು ಎನ್ನುತ್ತಾರೆ. ಸೋಮವಾರವೇ ಡಾಕ್ಟರ ಹತ್ತಿರ ಹೋಗುವುದೆಂದು ಇಬ್ಬರೂ ತೀರ್ಮಾನಿಸುತ್ತಾರೆ. ಗುಣವಾಗಬಹುದು, ಆಗದೆಯೂ ಇರಬಹುದು. ಆ ಭಯ ಎಲ್ಲಿಗೂ ಹೋಗಿಲ್ಲ.

ಸೋಮವಾರ, ಬೆಳಗಿನ ಐದೂವರೆ. ಮೂವತ್ತೊಂಬತ್ತನೇ ಪ್ರದರ್ಶನ. ಮರಗೆಲಸದ ಕೋಣೆಯ ಬಾಗಿಲು ಇವತ್ತು ತೆರೆದೇ ಇದೆ. ಸೊಸೆ ಆಕಳಿಸುತ್ತ ಬಂದು, ಕೊಯ್ದ ಮರಕ್ಕೆ ಹೆಬ್ಬೆರಳು ಕೊಟ್ಟು ನಿಲ್ಲುತ್ತಾಳೆ. ಕಿವಿಯಾ ಮೂಗಾ ಎಂದು ಬಡಗಕ್ಕ ಕೇಳುತ್ತಾರೆ. ಇನ್ನೂ ಕಿವಿ ಎನ್ನುತ್ತಾಳೆ. ಏಣಿಯ ಬುಡಕ್ಕೆ ಎರಡು ಅಗಲದ ಮರದ ಪಾದ ಬಂದಿದೆ. ಅದು ರಾತ್ರಿ ಮೇಷ್ಟ್ರು ಫೋನು ಮಾಡಿ ಒಪ್ಪಿಕೊಂಡದ್ದು.

ಮೇಜಿನ ಮೂಲೆಯಲ್ಲಿ, ಉಳಿದವುಗಳಿಂದ ದೂರ, ಇನ್ನೊಂದು ಮೆಟ್ಟಿಲಿದೆ. ಕಪ್ಪನೆಯ ಗಟ್ಟಿ ಮರ. ಗರಗಸದ ಗೀರಿಲ್ಲ, ಮೇಣವಿಲ್ಲ, ಬಣ್ಣವೂ ಇಲ್ಲ. ಅದು ಯಾವುದಕ್ಕೆಂದು ಕೇಳಿದರೆ ಬಡಗಕ್ಕ ಉಪ್ಪುಕಾಗದದಿಂದ ಅದನ್ನು ಇನ್ನೊಮ್ಮೆ ಉಜ್ಜಿ, ಧೂಳು ಊದುತ್ತಾರೆ.

“ನಾಳೆ ಕೊನೇ ಆಟ ಮುಗಿದ ಮೇಲೆ ಏಳನೇದರ ಜಾಗಕ್ಕೆ ಇದನ್ನ ಹಾಕ್ಬೇಕು ಅಂತ ಒಂದಾಸೆ. ಯಾರೂ ನೋಡೋದು ಬೇಡ. ಹಾಕಿ, ನಾನೇ ಅದರ ಮೇಲೆ ನಿಂತು ಕುಣೀತೀನಿ. ಕೆಳಗೆ ಕೈ ಚಾಚಿ ನಿಲ್ಲೋಕೆ ನಮ್ಮಪ್ಪ ಇಲ್ಲ. ಬೇಕಾಗೂ ಇಲ್ಲ, ಇದು ಮುರಿಯಲ್ಲ.”